ಬಲೆ ಬಿಚ್ಚಿದ ಗೋಲು

ಬೈಂದೂರಿಗೆ ಹೊರಟ ಬಸ್ಸು ಮರವಂತೆಯಲ್ಲಿ ಪಂಕ್ಚರ್ ಆಗಿ ನಿಂತಿತು. ಕಂಡಕ್ಟರನಿಗೆ ಎರಡು ಮಾತು ಬೈದು, ಹೆದ್ದಾರಿ ಪಕ್ಕದ ಸೋಡಾ ಅಂಗಡಿಯಲ್ಲಿ ಕೂತೆ. ಎದುರಿಗೆ ಕಡಲಬದಿಯ ಮರಳಿನಲ್ಲಿ ಊರಿನ ಕ್ಲಬ್ಬಿನ ಫುಟ್‌ಬಾಲ್ ಪಂದ್ಯ ನಡೆದಿತ್ತು. ಗೋಲುಕಂಬಗಳ ಹಿಂದೆ ಮಾತ್ರ ಬಲೆಯೇ ಇರಲಿಲ್ಲ.

ಬಲೆ ನನ್ನ ಪಕ್ಕದ ಬೆಂಚಿನ ಮೇಲಿತ್ತು. ಮೀನು ಮಾರುವ ಗುಲಾಬಿ ಎಂಬವರು ಅದರ ಹರಿದ ಕಣ್ಣುಗಳನ್ನು ಹೆಣೆಯುತ್ತಿದ್ದರು.

“ಹೊಸ ಅಧ್ಯಕ್ಷ್ರ್ ಕ್ಲಬ್ಬಿನ್ ಕಮಿಟಿಯಿಂದ ನಮ್ಮ್ ಕಡಲ್ಬದಿಯೋರನ್ನೆಲ್ಲ ತೆಗ್ದ್ರ್. ನಮ್ಮನ್ನ್ ಒಂದ್ ಮಾತ್ ಕೇಂಡ್ರಾ? ಇದ್ ನಮ್ಮ್ ದೋಣಿ ಬಲೆ. ಗೋಲ್ ಕಂಬದಿಂದ ಬಿಚ್ಕಂಡ್ ಬಂದೊ.”

“ಮತ್ತೆ ಈಗ ಹೆಣೆಯುವುದು ಯಾಕೆ?”

“ನಮ್ಮೋರ್ ವಾಪಸ್ ಕಮಿಟಿಗ್ ಹೋಪ್ ದಿನ ಕಟ್ಟುಕೆ ಬೇಕಲ್ದಾ?”

ಆಟಗಾರರ ಮೇಲೆ ಯಾರಿಗೂ ಮುನಿಸಿರಲಿಲ್ಲ. ಅವರು ಗೋಲು ಹೊಡೆದಾಗ ಇಡೀ ದಂಡೆ ಎದ್ದು ನಿಂತು ಕೂಗಿತು. ಆದರೆ ಕಂಬ ದಾಟಿ ದೂರ ಉರುಳಿದ ಚೆಂಡನ್ನು ತರಲು ಪ್ರೇಕ್ಷಕರಲ್ಲಿ ಒಬ್ಬರೂ ಅಲ್ಲಾಡಲಿಲ್ಲ. ಆಟ ನಿಲ್ಲಬಾರದೆಂದು ಕ್ಲಬ್ಬಿನ ಹೊಸ ಅಧ್ಯಕ್ಷರೇ ಓಡಿದರು. ಅವರ ಬಿಳಿ ಪ್ಯಾಂಟಿಗೆ ಮೊಣಕಾಲಿನವರೆಗೂ ಮರಳು ಮೆತ್ತಿತ್ತು. ತಮ್ಮ ತಂಡ ಗೆಲ್ಲುತ್ತಿದ್ದರೂ ಇಷ್ಟು ಬೆವರುವ ಅಧ್ಯಕ್ಷರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮತ್ತೊಂದು ಗೋಲಾಯಿತು. ಚೆಂಡು ಉರುಳುತ್ತ ಬಂದು ನನ್ನ ಕಾಲಿಗೇ ತಾಗಿತು. ಎತ್ತಿಕೊಡೋಣವೆಂದು ಬಗ್ಗಿದೆ.

“ಹ್ವಾಯ್, ಮುಟ್ಬ್ಯಾಡಿ,” ಎಂದರು ಗುಲಾಬಿ, ಬಲೆಯಿಂದ ತಲೆ ಎತ್ತದೆ. “ಅಧ್ಯಕ್ಷ್ರ್ ಬತ್ರ್.”

ನಾನು ಎರಡೂ ಕಾಲು ಎತ್ತಿ ಬೆಂಚಿನ ಮೇಲೆ ಮಡಚಿಕೊಂಡು ಕೂತೆ.