ದಲ್ಲಾಳಿ ಬೇಡವೆಂದ ಭಾವ

ಬ್ರೇಕಮ್ಮನ ಪರಿಚಯವಾಗುವ ಮೊದಲು, ಆಕೆ ದಿನಕ್ಕೊಬ್ಬ ಗಂಡಸಿನ ಜತೆ ಕಾರಿನಲ್ಲಿ ಕೂತು ಜಗಳವಾಡುವ ಹೆಂಗಸೆಂದೇ ನಾನು ನಂಬಿದ್ದೆ. ಪುಟ್ಟ ಬಿಳಿ ಕಾರೊಂದು ಬೀದಿಯಲ್ಲಿ ಆಮೆಯ ಹಾಗೆ ತೆವಳುತ್ತಾ ಬರುತ್ತಿತ್ತು. ಒಳಗಿನಿಂದ, "ಎದುರಿಗೆ ನೋಡ್ರೀ! ನನ್ನ ಮುಖದಲ್ಲಿ ರಸ್ತೆ ಇದೆಯಾ?" ಎಂಬ ಗುಡುಗು. ಪಕ್ಕದಲ್ಲಿ ಬೆವರೊರೆಸಿಕೊಳ್ಳುವ ಒಬ್ಬ. ಮಾರನೆಯ ದಿನ ಇನ್ನೊಬ್ಬ. ಇಷ್ಟು ಮಂದಿಯನ್ನು ಬೈದು ನಿಭಾಯಿಸುವ ಆಕೆಯ ಶಕ್ತಿಗೆ ಬೆರಗಾಗಿ ನಿಂತಿದ್ದಾಗ ಕಾರಿನ ನೆತ್ತಿಯ ಮೇಲಿದ್ದ ಡ್ರೈವಿಂಗ್ ಸ್ಕೂಲಿನ ಬೋರ್ಡು ಕಣ್ಣಿಗೆ ಬಿತ್ತು.

ಅಂಥ ಕಾರಿನಲ್ಲಿ ಕಲಿಸುವವರ ಕಾಲಡಿಯಲ್ಲೂ ಒಂದು ಬ್ರೇಕು ಇರುತ್ತದೆ. ಹೆಸರು ಬಂದದ್ದು ಅದರಿಂದ. ಆಕೆಯ ಕಸುಬಿನ ನಿಯಮ ಒಂದೇ: ಕಲಿಯುವವರ ಕೈಯಿಂದ ಸ್ಟಿಯರಿಂಗ್ ಕಿತ್ತುಕೊಳ್ಳಬಾರದು. ಎಷ್ಟೇ ಸೊಟ್ಟ ಹೋಗಲಿ, ಕೊನೇ ಗಳಿಗೆಯವರೆಗೂ ಬಿಟ್ಟು, ಆಮೇಲೆ ಕಾಲು ಒತ್ತಬೇಕು. ಬೀದಿಯಲ್ಲಿ ಈ ನಿಯಮ ಎಷ್ಟೋ ಜೀವ ಉಳಿಸಿತ್ತು. ಮನೆ ಕೊಳ್ಳುವಾಗ ಮಾತ್ರ ಮುಳುಗಿಸಿತು.

ಆಕೆಗೆ ಬೇಕಾಗಿದ್ದುದು ನೆಲಮಹಡಿಯಲ್ಲಿ ಒಂದು ಫ್ಲ್ಯಾಟು. ಬಾಡಿಗೆ ಮನೆಯಿದ್ದದ್ದು ಮೂರನೇ ಮಹಡಿಯಲ್ಲಿ, ಲಿಫ್ಟು ಇಲ್ಲ, ತಾಯಿಯ ಎರಡು ಮಂಡಿಗಳೂ ಮುಷ್ಕರ ಹೂಡಿದ್ದವು. ಹಿಂದಿನ ಸಲ ಆಸ್ಪತ್ರೆಗೆ ಕರೆದೊಯ್ದದ್ದು ಕುರ್ಚಿ ಸಮೇತ, ಶಿಷ್ಯರಿಬ್ಬರ ಹೆಗಲ ಮೇಲೆ.

"ಇನ್ನು ನನ್ನ ಕೆಳಗಿಳಿಸೋದು ಒಂದೇ ಸಲ ಕಣೇ. ವಾಪಸ್ ಹತ್ತಿಸೋ ತಾಪತ್ರಯ ಇರಲ್ಲ," ಎಂದು ತಾಯಿ ನಗುತ್ತಿದ್ದಳು. ಮಗಳಿಗೆ ಮೈ ಉರಿಯುತ್ತಿತ್ತು.

ದಲ್ಲಾಳಿಯನ್ನು ಹಿಡಿಯೋಣವೆಂದು ಹೊರಟಾಗ ಅಡ್ಡಬಂದವರು ಭಾವ, ಅಕ್ಕನ ಗಂಡ. ಕಚೇರಿಯೊಂದರ ಖರೀದಿ ವಿಭಾಗದಲ್ಲಿ ಕುರ್ಚಿ, ಮೇಜು, ಫ್ಯಾನು ಕೊಂಡೂ ಕೊಂಡೂ ನಿವೃತ್ತರಾದವರು. ಕೊಳ್ಳುವ ವಸ್ತುವನ್ನು ಮೊದಲು ಹೀಗಳೆಯಬೇಕು, ಬೆಲೆ ತಾನಾಗಿ ಇಳಿಯುತ್ತದೆ ಎಂಬುದು ಅವರ ಜೀವಮಾನದ ವಿದ್ಯೆ. ಕುರ್ಚಿಗಳು ಯಾವತ್ತೂ ಬೇಜಾರು ಮಾಡಿಕೊಂಡಿರಲಿಲ್ಲ.

"ಬ್ರೋಕರ್ರಾ? ನಾನೇನು ಸತ್ತೋಗಿದೀನಾ?" ಎಂದರು. "ಬಾಗಿಲು ತೋರಿಸೋಕೆ ಕಮಿಷನ್ನು! ಬಾಗಿಲು ನಮಗೆ ಕಾಣಲ್ವಾ?"

"ನಿಮಗ್ಯಾಕೆ ತೊಂದರೆ, ಭಾವ..."

"ಎಂಥ ತೊಂದರೇಮ್ಮ? ನೀನು ಪಕ್ಕದಲ್ಲಿ ಕೂತಿರು ಸಾಕು. ಮಾತು ನನಗೆ ಬಿಡು."

ಪಕ್ಕದಲ್ಲಿ ಕೂರುವುದು ಆಕೆಗೆ ಅಭ್ಯಾಸವೇ. ಕೂತಳು.

ಮಾರಾಟಕ್ಕಿರುವ ಮನೆಯೊಂದರ ಸುದ್ದಿ ತಂದವನು ಒಬ್ಬ ಶಿಷ್ಯ. ಹೊಸ್ತಿಲು ದಾಟಿದರೆ ಬೀದಿ. ಒಡತಿ ನಿವೃತ್ತ ನರ್ಸು, ಗಿಡ್ಡ ಹೆಂಗಸು. ತನ್ನ ಎತ್ತರಕ್ಕೆ ಸರಿಯಾಗಿ ಅಡುಗೆಕಟ್ಟೆಯನ್ನು ತಗ್ಗಿಸಿ ಕಟ್ಟಿಸಿಕೊಂಡಿದ್ದಳು. ಅದನ್ನು ಕಂಡದ್ದೇ ಬ್ರೇಕಮ್ಮನ ಮನಸ್ಸು ಕುಣಿಯಿತು. ಅಮ್ಮ ಕುರ್ಚಿಯಲ್ಲಿ ಕೂತೇ ತರಕಾರಿ ಹೆಚ್ಚಬಹುದು, ಒಲೆಯ ಮೇಲಿನದನ್ನು ತಿರುವಬಹುದು!

ಅಷ್ಟರಲ್ಲಿ ಭಾವ ಕೆಲಸ ಶುರುಮಾಡಿದ್ದರು. ಗೋಡೆ ಕುಟ್ಟಿ, "ಟೊಳ್ಳು," ಎಂದರು. ಮೂಗು ಮೇಲೆತ್ತಿ, "ಶೀತದ ವಾಸನೆ," ಎಂದರು. ಕಟ್ಟೆಯ ಮುಂದೆ ನಿಂತು, "ಇದೇನ್ರೀ, ಗೊಂಬೆ ಆಡೋಕೆ ಕಟ್ಟಿಸಿದ್ದಾ?" ಎಂದು ನಕ್ಕರು.

ಬ್ರೇಕಮ್ಮನ ಬಲಗಾಲು ನೆಲದ ಹಾಸುಗಲ್ಲನ್ನು ಒತ್ತುತ್ತಿತ್ತು. ಬಾಯಿ ಮಾತ್ರ ತೆರೆಯಲಿಲ್ಲ. ಬೀದಿಯಲ್ಲಿ ಊರನ್ನೇ ನಡುಗಿಸುವ ಗಂಟಲು, 'ಹಿರಿಯರು, ಅಕ್ಕನ ಗಂಡ, ಇನ್ನೇನು ನಿಲ್ಲಿಸುತ್ತಾರೆ' ಎಂದುಕೊಂಡು ಕಾದು ಕೂತಿತು.

ಭಾವ ನಿಲ್ಲಿಸಲಿಲ್ಲ. "ಒಂಟಿ ಹೆಂಗಸು ನೀವು. ಈ ಗೂಡನ್ನ ಬೇರೆ ಯಾರು ತಗೋತಾರೆ? ನಾವಾದ್ರೆ ಏನೋ ಕನಿಕರಪಟ್ಟು..."

ನರ್ಸು ಎದ್ದು ಬಾಗಿಲು ತೆರೆದಳು. "ಕನಿಕರ ನಾನೇ ಊರಿಗೆಲ್ಲ ಹಂಚಿ ಬಂದಿದೀನಿ. ನಿಮ್ಮದು ನಿಮ್ಮಲ್ಲೇ ಇರಲಿ. ಹೊರಡಿ."

"ಅಮ್ಮಾ, ಇದು ನನ್ನ ಮಾತಲ್ಲ..." ಎಂದಳು ಬ್ರೇಕಮ್ಮ.

"ಅವರು ಮಾತಾಡ್ತಿದ್ದಾಗ ನೀವೂ ಇಲ್ಲೇ ಇದ್ರಲ್ಲ."

ಕೆನ್ನೆಗೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ಕಾರಿನಲ್ಲಿ ಭಾವ ಪ್ರಸನ್ನರಾಗಿದ್ದರು. "ನೋಡ್ತಿರು, ನಾಳೆ ಅವಳೇ ಫೋನ್ ಮಾಡ್ತಾಳೆ. ಇದೊಂದು ಟೆಕ್ನಿಕ್ಕು."

ಕಾರು ಗಕ್ಕನೆ ನಿಂತಿತು. "ಇಳೀರಿ ಭಾವ."

"ಇಲ್ಲೇನಾ? ಮನೆ ಇನ್ನೂ ಎಷ್ಟು ದೂರ ಇದೆ!"

"ಬಾಗಿಲು ನಿಮಗೆ ಕಾಣುತ್ತಲ್ಲ. ಹುಡುಕ್ಕೊಂಡು ಹೋಗಿ."

ಫೋನು ಬರಲಿಲ್ಲ. ಆ ಮನೆ ಯಾರದೋ ಪಾಲಾಯಿತೆಂದು ಅದೇ ಶಿಷ್ಯ ಹೇಳಿದ. ಹೇಳಿದ ತಪ್ಪಿಗೆ ಅವನು ಅಂದು ರಿವರ್ಸ್ ಹಾಕುವಾಗ ತಿಂದ ಬೈಗುಳ ಏಳು ಜನ್ಮಕ್ಕಾಗುವಷ್ಟಿತ್ತು. ಆಕೆ ಬೈಯುತ್ತಿದ್ದದ್ದು ಭಾವನನ್ನು. ಭಾವನಿಗಿಂತ ಹೆಚ್ಚಾಗಿ, ಸುಮ್ಮನೆ ಕೂತ ತನ್ನನ್ನೇ.

ಕೊನೆಗೆ ದಲ್ಲಾಳಿಯೇ ಬಂದ. ಸುಳ್ಳಿಗೆ ಕೈಕಾಲು ಮೂಡಿದ ಹಾಗಿದ್ದ ಮಹಾಶಯ. ಕತ್ತಲೆ ಕೋಣೆಗೆ 'ತಂಪು' ಎನ್ನುತ್ತಿದ್ದ, ಲಾರಿಗಳ ಗದ್ದಲಕ್ಕೆ 'ಕಳೆ' ಎನ್ನುತ್ತಿದ್ದ.

"ಗ್ರೌಂಡ್ ಫ್ಲೋರೇ ಮೇಡಂ. ಏನೋ ಒಂದೆಂಟು ಮೆಟ್ಟಿಲು, ಅಷ್ಟೇ."

"ಹೌದಾ? ನನ್ನನ್ನ ಕುರ್ಚಿ ಸಮೇತ ಎತ್ಕೊಂಡು ಹತ್ತು. ಈಗಲೇ ಮುಂಗಡ ಕೊಡ್ತೀನಿ."

ಆಮೇಲೆ ಅವನು ಮೆಟ್ಟಿಲಿದ್ದ ಮನೆ ತೋರಿಸಲಿಲ್ಲ. ಪಂಕ್ಚರ್ ಅಂಗಡಿಯ ಮಗ್ಗುಲಲ್ಲಿ ಒಂದು ಫ್ಲ್ಯಾಟು ಸಿಕ್ಕಿತು. ತಗ್ಗಿನ ಅಡುಗೆಕಟ್ಟೆ ಇರಲಿಲ್ಲ, ಇಡೀ ದಿನ ಸುತ್ತಿಗೆ ಸದ್ದು ಬೇರೆ. ಆದರೆ ಮಾರುವವರ ಎದುರು ಕೂತಾಗ ಅದೇ ವಾಚಾಳಿ ಮೂಗನಾಗಿಬಿಟ್ಟ. ಅವರ ಮೊಮ್ಮಗುವನ್ನು ಎತ್ತಿಕೊಂಡ, ಒಂದು ಬೆಲೆ ಹೇಳಿದ, ಮತ್ತೆ ತುಟಿ ಪಿಟ್ಟೆನ್ನಲಿಲ್ಲ. ಮಗು ಅವನ ಅಂಗಿಯ ಗುಂಡಿ ಚೀಪುತ್ತಿದ್ದಂತೆಯೇ ಮಾತು ಮುಗಿಯಿತು. ಬ್ರೇಕಮ್ಮ ಅವನ ಸುಳ್ಳುಗಳನ್ನೆಲ್ಲ ಒಂದೊಂದಾಗಿ ಎತ್ತಾಡಿ ಬೈದೇ ಕಮಿಷನ್ ಕೊಟ್ಟಳು.

ತಾಯಿ ಕುರ್ಚಿಯಲ್ಲಿ ಕೆಳಗಿಳಿದು, ಹೊಸ ಮನೆಯ ಬಾಗಿಲಲ್ಲಿ ಕೂತು, ಅಡ್ಡಾದಿಡ್ಡಿ ಗಾಡಿ ಓಡಿಸುವವರನ್ನು ಬೈಯಲು ಶುರುಮಾಡಿದ ವಾರವೇ ಭಾವನ ಸವಾರಿ ಬಂತು. ಗೋಡೆ ಕುಟ್ಟಿದರು. ಮೂಗೆತ್ತಿದರು. ಆಮೇಲೆ ನೊಂದ ಮುಖದಲ್ಲಿ ಕೇಳಿದರು:

"ಅಲ್ಲಮ್ಮಾ, ಅಷ್ಟೊಂದು ದುಡ್ಡು ಆ ಬ್ರೋಕರ್‌ಗೆ ಸುರಿದೆಯಲ್ಲ, ನಾನು ಮಾಡದೆ ಇದ್ದಿದ್ದು ಅವನು ಏನು ಮಾಡಿದ?"

"ಬಾಯಿ ಮುಚ್ಕೊಂಡಿದ್ದ, ಭಾವ."