ಅಮಾವಾಸ್ಯೆಯ ಬೈಟ್

ನನ್ನ ಅಕ್ಕನ ಮಗಳು ಭಾಗ್ಯಜ್ಯೋತಿ ಟಿವಿ ವರದಿಗಾರ್ತಿ ಆಗುತ್ತೇನೆ ಎಂದಾಗ ಮನೆಯಲ್ಲಿ ಖುಷಿಪಟ್ಟವನು ಅವಳಪ್ಪ ಲಿಂಗಣ್ಣ ಒಬ್ಬನೇ. ಅಕ್ಕ ಚನ್ನವೀರಮ್ಮ ಬಿ.ಎಡ್ ಮಾಡು ಎಂದಳು. ನಾನು ಗಡಿಯಾಚೆ ತೆಲುಗು ಸೀಮೆಯ ಮಕ್ತಲದಲ್ಲಿ ಕನ್ನಡ ಶಾಲೆಯ ಮಾಸ್ತರ. ಬಿ.ಎಡ್ ಮಾಡಿದವನ ಗತಿ ಏನೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಅಕ್ಕನ ಪಕ್ಷವನ್ನೇ ಹಿಡಿದೆ. ಲಿಂಗಣ್ಣ ನಾರಾಯಣಪೇಟೆಯ ನೇಕಾರ. ಗುಂಡಿ ಮಗ್ಗದೊಳಗೆ ಕಾಲು ಇಳಿಬಿಟ್ಟು ಕೂತನೆಂದರೆ ಊಟಕ್ಕೆ ಕರೆದರೂ ಏಳುವ ಆಸಾಮಿಯಲ್ಲ. ಅಂಥವನು ಅವತ್ತು ತಾನಾಗಿ ಎದ್ದು ಬಂದು, "ನಮ್ಮ ಹುಡುಗಿ ಮಾತಾಡಿದ್ರ ನಾಕ್ ಮಂದಿ ನಿಂತು ಕೇಳ್ತಾರ. ಓದ್ಲಿ ಬಿಡ್ರಿ ಮಾಸ್ತರ" ಎಂದ. ಅಲ್ಲಿಗೆ ನಮ್ಮ ಬಿ.ಎಡ್ ಮಾತು ಮುಗಿಯಿತು.

ಕೋರ್ಸು ಇದ್ದದ್ದು ಗದ್ವಾಲದ ಒಂದು ಕಾಲೇಜಿನಲ್ಲಿ. ನಾರಾಯಣಪೇಟೆಯಿಂದ ದಿನಾ ಹೋಗಿ ಬರುವುದು ದೂರವೆಂದು ಹುಡುಗಿ ಮಕ್ತಲದ ನಮ್ಮ ಮನೆಯಲ್ಲಿ ಉಳಿದಳು. ಉಳಿದದ್ದು ಅವಳೊಬ್ಬಳೇ ಆಗಿದ್ದರೆ ನನಗೇನೂ ತಕರಾರು ಇರಲಿಲ್ಲ. ಜೊತೆಗೆ ಒಂದು ಫೋನು, ಅದನ್ನು ಸಿಕ್ಕಿಸುವ ಮೂರು ಕಾಲಿನ ಸ್ಟ್ಯಾಂಡು, ಮತ್ತೆ ಶ್ರೀನಾಥ ಸರ್ ಎಂಬ ಹೆಸರೂ ಬಂದವು. ಶ್ರೀನಾಥ ಸರ್ ಹೈದರಾಬಾದಿನಿಂದ ಬಂದ ಅವಳ ಲೆಕ್ಚರರ್. ನಮ್ಮ ಮನೆಯಲ್ಲಿ ದೇವರ ಹೆಸರಿಗಿಂತ ಆ ಮನುಷ್ಯನ ಹೆಸರೇ ಜಾಸ್ತಿ ಕೇಳಿಸತೊಡಗಿತು. ನನ್ನ ಹೆಂಡತಿ ಬಸವೇಶ್ವರಿ ರೊಟ್ಟಿ ಬಡಿಯುತ್ತಿದ್ದರೆ, "ಅತ್ತಿ, ಇನ್ನೊಮ್ಮೆ ಬಡೀರಿ, ಕೈ ಹತ್ರದಿಂದ ಬೇಕು" ಎನ್ನುವಳು. ಮೊದಲು ದೂರದಿಂದ ಅಡುಗೆಮನೆಯೆಲ್ಲ ಕಾಣಬೇಕು, ಆಮೇಲೆ ಆಳು, ಕೊನೆಗೆ ಕೈ. ಸರ್ ಹಾಗೆ ಹೇಳಿದ್ದಾರಂತೆ. ಅಷ್ಟರಲ್ಲಿ ರೊಟ್ಟಿ ಸೀದು ಕರಕಲಾಗಿರುತ್ತಿತ್ತು, ಅದನ್ನು ತಿನ್ನುವವನು ನಾನು. ನಾನು ಶಾಲೆಗೆ ಹೊರಟರೆ, "ಮಾಮಾ, ಮತ್ತೊಮ್ಮೆ ಬಾಗಲದಾಗಿಂದ ಹೊರಗ ಬರ್ರಿ. ಈ ಸಲ ನನ್ನ ನೋಡಬ್ಯಾಡ್ರಿ." ಸ್ವಂತ ಮನೆಯ ಬಾಗಿಲಲ್ಲಿ ಕಳ್ಳನ ಹಾಗೆ ಒಳಗೆ ಹೊರಗೆ ಮಾಡಿ ನಾನು ಹೆಡ್‌ಮಾಸ್ತರ ಕೈಲಿ ಬೈಸಿಕೊಂಡೆ.

ಆದರೆ ಇಲ್ಲದ್ದು ಹೇಳಬಾರದು, ಹುಡುಗಿ ಕಲಿತಳು. ಮನೆಯಲ್ಲಿ ಕನ್ನಡ, ಕಾಲೇಜಿನಲ್ಲಿ ತೆಲುಗು. ಅವಳ ತೆಲುಗಿನಲ್ಲಿ ರಾಯಚೂರು ಸೀಮೆಯ ಎಳೆತ ಇದೆ ಎಂದು ಜೊತೆಯವರು ನಕ್ಕರು. ಅವಳು ಕನ್ನಡಿ ಮುಂದೆ ನಿಂತು, ಅಡುಗೆಮನೆಯ ಲಟ್ಟಣಿಗೆಯನ್ನೇ ಮೈಕ್ ಮಾಡಿಕೊಂಡು, ಧರೂರಿನ ಕಾಲುವೆಗೆ ನೀರು ಬಿಟ್ಟ ಸುದ್ದಿಯನ್ನು ಎಷ್ಟು ಸಲ ಓದಿದಳೆಂದರೆ ನನಗೇ ಬಾಯಿಪಾಠವಾಯಿತು. ವರ್ಷದ ಕೊನೆಗೆ ಪ್ರತಿಯೊಬ್ಬರೂ ಒಂದು ಸುದ್ದಿ ತಯಾರಿಸಬೇಕು, ಅದನ್ನು ಜಿಲ್ಲೆಯ ಕೇಬಲ್ ಚಾನೆಲ್‌ನವರು ನೋಡಿ ಒಬ್ಬರನ್ನು ಕೆಲಸ ಕಲಿಯಲು ತೆಗೆದುಕೊಳ್ಳುತ್ತಾರೆ ಎಂದು ಗೊತ್ತಾಯಿತು. ಆ ಒಬ್ಬರು ತಾನೇ ಆಗಬೇಕೆಂದು ಅವಳು ಊಟ ನಿದ್ದೆ ಬಿಟ್ಟಳು.

ವಿಷಯ ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಅಪ್ಪನ ಮಗ್ಗ ಇತ್ತಲ್ಲ. ಲಿಂಗಣ್ಣ ಉಳಿದ ದಿನ ಮಾತಿಗೆ ಸಿಗುವವನಲ್ಲವಾದ್ದರಿಂದ ಬಿಡುವಿನ ದಿನ ನೋಡಿಕೊಂಡು ಅಮಾವಾಸ್ಯೆಯಂದು ಹೊರಟಳು. ನಮ್ಮ ನೇಕಾರರ ಓಣಿಯಲ್ಲಿ ಅಮಾವಾಸ್ಯೆ ದಿನ ಯಾರೂ ಮಗ್ಗ ಮುಟ್ಟುವುದಿಲ್ಲ. ಮಗ್ಗಕ್ಕೆ ನೀರು ಚಿಮುಕಿಸಿ, ವಿಭೂತಿ ಹಚ್ಚಿ, ಕೈ ಮುಗಿದು ಕಟ್ಟೆಗೆ ಬಂದು ಕೂತರೆ ಅವತ್ತಿನ ಕೆಲಸ ಮುಗಿದ ಹಾಗೆ. ಮಾತಾಡಿಸಲು ಅದೇ ಒಳ್ಳೆಯ ದಿನ ಎಂದು ಆ ಓಣಿಯಲ್ಲಿ ಹುಟ್ಟಿದವಳಿಗಲ್ಲದೆ ಇನ್ನಾರಿಗೆ ತೋಚೀತು? ಅವಳು ನಿಂತ ಮಗ್ಗವನ್ನು ದೂರದಿಂದ ತೆಗೆದಳು, ಹತ್ತಿರದಿಂದ ತೆಗೆದಳು. ಸೆಕೆಗೆ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದ ಅಪ್ಪನನ್ನು, ಮೆಟ್ಟಿಲ ಮೇಲೆ ಗಲ್ಲಕ್ಕೆ ಕೈ ಕೊಟ್ಟು ಕೂತ ಅವ್ವನನ್ನು ತೆಗೆದಳು. ಅಕ್ಕನಿಗೆ ಅವತ್ತು ಹಲ್ಲು ನೋವು. ಕ್ಯಾಮೆರಾ ಮುಂದೆ ಜನ ಹೇಳುವ ನಾಲ್ಕು ಮಾತಿಗೆ ಬೈಟ್ ಎನ್ನುತ್ತಾರಂತೆ. ಅಪ್ಪ ಬೈಟ್ ಕೊಟ್ಟ: "ಇವತ್ತ ಅಮಾಸಿ, ಮಗ್ಗ ನಿಂತೈತಿ, ಸುಮ್ನ ಕುಂತೀವಿ. ಸಂಜಿಗೆ ಬಸವಣ್ಣನ ಗುಡಿಗೆ ಹೋಗ್ಬೇಕು."

ಶ್ರೀನಾಥ ಸರ್ ಚಿತ್ರಗಳನ್ನು ನೋಡಿದವರೇ ಕುರ್ಚಿ ಬಿಟ್ಟು ಎದ್ದುಬಿಟ್ಟರಂತೆ. ನಿಂತ ಮಗ್ಗ, ಕಣ್ಣೊರೆಸುವ ನೇಕಾರ, ತಲೆ ಮೇಲೆ ಆಕಾಶ ಬಿದ್ದವಳಂತೆ ಕೂತ ಅವನ ಹೆಂಡತಿ! ಹುಡುಗಿ ಬರೆದುಕೊಂಡು ಹೋಗಿದ್ದು ಅಪ್ಪ ಸೀರೆಯ ಅಂಚು ಹೇಗೆ ಕೂಡಿಸುತ್ತಾನೆ ಎಂಬ ನಾಲ್ಕು ಒಳ್ಳೆಯ ಮಾತು. ಅದನ್ನು ಅವರು ಬದಿಗಿಟ್ಟು ಬೇರೆಯೇ ಬರೆದುಕೊಟ್ಟರು. "ಸರ್, ಅವತ್ತು ಅಮಾವಾಸ್ಯೆ, ಅದಕ್ಕೇ ನಿಂತಿತ್ತು" ಎಂದು ಇವಳು ಹೇಳಿಯೇ ಹೇಳಿದಳು. "ನೋಡುವವರಿಗೆ ಪಂಚಾಂಗ ಯಾಕಮ್ಮಾ?" ಎಂದು ಅವರು ತೆಲುಗಿನಲ್ಲಿ ನಕ್ಕರು. ಅಪ್ಪನ ಬೈಟಿನ ಹಿಂದೆ ಮುಂದೆ ಕತ್ತರಿ ಬಿತ್ತು. ಅಮಾವಾಸ್ಯೆಯೂ ಹೋಯಿತು, ಬಸವಣ್ಣನೂ ಹೋದ. ಉಳಿದದ್ದು, "ಮಗ್ಗ ನಿಂತೈತಿ, ಸುಮ್ನ ಕುಂತೀವಿ." ಅದರ ಮೇಲೆ ಇವಳು ತನ್ನ ದನಿಯಲ್ಲಿ ಓದಿದಳು: ತಲೆಮಾರುಗಳಿಂದ ಮಿಡಿದ ಈ ಮಗ್ಗ ಶಾಶ್ವತವಾಗಿ ಮೌನವಾಗಿದೆ, ಈ ಕೈಗಳಿಗೆ ಇನ್ನು ಕೆಲಸವಿಲ್ಲ. ಕೊನೆಗೆ, ನಾರಾಯಣಪೇಟೆಯಿಂದ ಭಾಗ್ಯಜ್ಯೋತಿ. ಯಾಕೆ ಓದಿದೆ ಎಂದರೆ, "ಆ ಒಂದು ಸೀಟು ಮಾಮಾ" ಎಂದು ಅತ್ತಳು.

ಸೀಟು ಸಿಕ್ಕಿತು. ಸುದ್ದಿ ಚಾನೆಲ್‌ನಲ್ಲಿ ಬಂತು. ಹಬ್ಬವಾದದ್ದು ನೋಡಬೇಕಿತ್ತು. ಲಿಂಗಣ್ಣ ಓಣಿಯವರನ್ನೆಲ್ಲ ಕರೆದು ಟಿವಿ ಮುಂದೆ ಕೂರಿಸಿದ. ತನ್ನ ಮಗ್ಗ ಸತ್ತಿತೆಂದು ಟಿವಿ ಸಾರುತ್ತಿದ್ದರೆ, "ಎಷ್ಟು ಚಂದ ಮಾತಾಡ್ತಾಳ ನೋಡ್ರಿ! ಒಂದ ಒಂದು ಕಡಿ ತಡವರಿಸಲಿಲ್ಲ" ಎಂದು ಅವನ ಮುಖ ಅರಳಿತು. ಅಕ್ಕ ಮಾತ್ರ ಸೆರಗು ಕೊಡವಿಕೊಂಡು ಎದ್ದಳು. "ಉಣ್ಣೋ ಅನ್ನಕ್ಕ ಮಣ್ಣು ಹಾಕ್ಯಾಳ. ಅದಕ್ಕ ನೀನು ಚಪ್ಪಾಳಿ ಹೊಡಿ."

ಮರುದಿನದಿಂದ ಸಂತಾಪ ಸೂಚಿಸುವವರು ಬರತೊಡಗಿದರು. ಯಾವುದೋ ಯುವಕ ಸಂಘದವರು ಬ್ಯಾನರ್ ಹಿಡಿದು, ಅಕ್ಕಿ ಚೀಲ ಹೊತ್ತು ಬಂದಾಗ ಲಿಂಗಣ್ಣ ಮಗ್ಗದಲ್ಲಿ ಟಕ್ ಟಕ್ ಎಂದು ನೇಯುತ್ತಿದ್ದ. ಅವರ ಮುಖ ಸಪ್ಪಗಾಯಿತು. "ಕಾಕಾ, ಫೋಟೋಕ್ಕ ಒಂದೀಟು ನಿಲ್ಲಸ್ರಿ. ಮಾರಿ ಸಣ್ಣದ ಮಾಡ್ರಿ." ಪುಣ್ಯಾತ್ಮ ನಿಲ್ಲಿಸಿದ, ಸಣ್ಣದು ಮಾಡಿದ. ಶಾಲು ಹೊದಿಸಿಕೊಂಡ. ಇನ್ನೊಂದು ದಿನ ಕಾಲೇಜಿನ ಹುಡುಗಿಯರು ನಿಂತ ಮಗ್ಗ ನೋಡಲು ಬಂದರು, ಅವತ್ತೂ ನಿಲ್ಲಿಸಿದ. "ಬೇಡ ಅಂತ ಹೇಳೋ ಮಾರಾಯಾ, ಮಗ್ಗ ಓಡಾಕತ್ತೈತಿ ಅಂತ ಹೇಳು" ಎಂದು ನಾನು ಕಿರುಚಿದೆ. "ಹಂಗಂದ್ರ ಹುಡುಗಿ ಮಾತು ಏನಾಗ್ಬೇಕು ಮಾಸ್ತರ?" ಎಂದ. ಮಗಳು ಈಗ ದಿನಾ ಮಧ್ಯಾಹ್ನದ ಸುದ್ದಿಯಲ್ಲಿ ಬರುತ್ತಿದ್ದಳು, ವಡ್ಡೆಪಲ್ಲಿಯ ರಸ್ತೆ ಗುಂಡಿಯಲ್ಲಿ ನಿಂತೋ, ಬಸ್ ಸ್ಟ್ಯಾಂಡಿನ ನಲ್ಲಿ ಮುಂದೆ ನಿಂತೋ. ಆ ಹೊತ್ತಿಗೆ ಲಿಂಗಣ್ಣ ತಾನಾಗಿ ಮಗ್ಗ ನಿಲ್ಲಿಸಿ ಟಿವಿ ಮುಂದೆ ಕೂರುತ್ತಿದ್ದ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ನೇಯ್ದ ಸೀರೆಗಳನ್ನು ಗದ್ವಾಲದ ಶಂಕರಯ್ಯ ಸಾವಕಾರರ ಅಂಗಡಿಗೆ ಕೊಟ್ಟು, ಮುಂದಿನ ಸೀರೆಗಳಿಗೆ ಮಗ್ಗಕ್ಕೆ ಉದ್ದುದ್ದ ಹೂಡುವ ನೂಲಿನ ಹಾಸು ತರುವುದು ಲಿಂಗಣ್ಣನ ಪದ್ಧತಿ. ಹಾಸು ಸಿಕ್ಕರೆ ಮಗ್ಗ, ಇಲ್ಲದಿದ್ದರೆ ಬರಿಯ ಕಟ್ಟಿಗೆ. ಆ ಸಲ ಮಕ್ತಲದಿಂದ ನಾನೂ ಜೊತೆಯಾದೆ. ಸಾವಕಾರರು ಸೀರೆ ಬಿಚ್ಚಿ ನೋಡಿದರು, ಅಂಚು ಸವರಿದರು, ತಲೆ ತೂಗಿದರು. ಹಾಸು ಮಾತ್ರ ತೆಗೆಯಲಿಲ್ಲ.

"ನಿನ್ನ ಹಾಸು ರಾಜೋಳಿ ನೇಕಾರರಿಗೆ ಕೊಡ್ತೀನಿ ಅಂದೀನಿ ಲಿಂಗಣ್ಣ" ಎಂದರು. "ನೀ ಮಗ್ಗ ಮುಚ್ಚೀದಿ ಅಂತ ಟಿವಿಯಾಗ ನೋಡ್ದೆ. ಇವು ಉಳದಿದ್ದ ಕಡೀ ಸೀರಿ ಇರ್ಬೇಕು ಅನಕೊಂಡೆ. ಮುಚ್ಚೋ ಮಗ್ಗಕ್ಕ ಹಾಸು ಕೊಟ್ಟು ನಡುವ ಸಿಗಿಸಿಕೊಳ್ಳಾಕ ನನಗೇನು ಹುಚ್ಚೇನು?"

"ಓಡ್ತೈತ್ರೀ ಸಾವಕಾರ್ರ" ಎಂದ ಲಿಂಗಣ್ಣ.

"ಹಂಗಾರ ನಿನ್ನ ಮಗಳು ಟಿವಿಯಾಗ ಸುಳ್ಳು ಹೇಳ್ಯಾಳೇನು?"

ಆ ಹೊತ್ತಿಗೆ ಸರಿಯಾಗಿ ಮಗಳು ಬಾಗಿಲಲ್ಲಿ ನಿಂತಿದ್ದಳು. ಗದ್ವಾಲಕ್ಕೆ ಬಂದಿದ್ದೇವೆ, ಕೆಲಸ ಮುಗಿಸಿ ಬಾ, ಕೂಡಿ ಹೋಗೋಣ ಎಂದು ಅವಳಪ್ಪನೇ ಫೋನ್ ಮಾಡಿದ್ದ. ಚಾನೆಲ್ ಹೆಸರಿನ ಮೈಕು ಕೈಯಲ್ಲೇ ಇತ್ತು. ಹಿಂದೆ ಚಾನೆಲ್‌ನ ಕ್ಯಾಮೆರಾದವನು, ಅಂಜನಕುಮಾರ್. ಲಿಂಗಣ್ಣ ಮಗಳನ್ನು ನೋಡಿದ. ಸಾವಕಾರರನ್ನು ನೋಡಿದ. ಕಪಾಟಿನಲ್ಲಿದ್ದ ಹಾಸಿನ ಕಡೆ ಒಮ್ಮೆ ಕಣ್ಣು ಹಾಯಿಸಿದ.

"ಇಲ್ರೀ" ಎಂದ. "ನಮ್ಮ ಹುಡುಗಿ ಸುಳ್ಳು ಹೇಳಂಗಿಲ್ಲ. ಮಗ್ಗ ಮುಚ್ಚೀನಿ."

ನನ್ನ ಮೈ ಉರಿದುಹೋಯಿತು. ಹೊಟ್ಟೆಗೆ ಹಿಟ್ಟು ಕೊಡುವ ಮಗ್ಗವನ್ನು ಒಂದು ಮಾತಿನಲ್ಲಿ ಕೊಂದುಹಾಕಿದನಲ್ಲ! ಬಾಯಿ ತೆರೆಯಬೇಕು ಎನ್ನುವಷ್ಟರಲ್ಲಿ ಭಾಗ್ಯಜ್ಯೋತಿ ಒಳಗೆ ಬಂದಳು. "ಅಂಜನ್ ಅಣ್ಣಾ, ಕ್ಯಾಮೆರಾ ಹಾಕು" ಎಂದು ತೆಲುಗಿನಲ್ಲಿ ಹೇಳಿ ಮೈಕು ಹಿಡಿದು ನಿಂತಳು. ಅವನು ಹಬ್ಬದ ವ್ಯಾಪಾರದ ಸುದ್ದಿ ಇರಬೇಕೆಂದು ಹಾಕಿದ.

"ಸುಳ್ಳು ಹೇಳೀನ್ರೀ ಸಾವಕಾರ್ರ. ನಾನ ಹೇಳೀನಿ, ನಮ್ಮಪ್ಪ ಅಲ್ಲ. ನಾ ಹೋದ ದಿನ ಅಮಾಸಿ ಇತ್ತು."

ಸಾವಕಾರರು ಹೊಟ್ಟೆ ಕುಣಿಯುವ ಹಾಗೆ ನಕ್ಕರು. "ಅಮಾಸಿ ಇತ್ತಾ? ಅಯ್ಯ ನಿನ್ನ! ಅಮಾಸಿಗಿ ಯಾವ ಮಗ್ಗ ನಡೀತೈತಿ? ಇದನ್ನ ಮದ್ಲ ಹೇಳಾಕ ಬಾಯಿಗೆ ಏನಾಗಿತ್ತು?" ಎಂದು ಕಪಾಟಿಗೆ ಕೈ ಹಾಕಿ ಹಾಸು ತೆಗೆದುಕೊಟ್ಟರು. ರಾಜೋಳಿಯವರಿಗೆ ಬೇರೆ ಕೊಟ್ಟರಾಯಿತು ಎಂದರು. ಅಂಗಡಿಯಲ್ಲಿದ್ದ ನೇಕಾರರೆಲ್ಲ ನಗತೊಡಗಿದರು. ಅಂಜನಕುಮಾರ್ ಒಬ್ಬನೇ ಕಣ್ಣು ಪಿಳಿಪಿಳಿ ಮಾಡುತ್ತ, ಅಮಾವಾಸ್ಯೆಗೂ ಮಗ್ಗಕ್ಕೂ ಏನು ಸಂಬಂಧ ಎಂದು ನನ್ನನ್ನು ಕೇಳಿದ.

ಅವಳು ಆ ಬೈಟನ್ನು ಅಲ್ಲಿಂದಲೇ ಚಾನೆಲ್‌ಗೆ ಕಳಿಸಿದಳು, ಇದನ್ನೂ ಹಾಕಿರಿ ಎಂದಳು. ನಾವು ಬಸ್ ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಫೋನ್ ಬಂತು. ಓಡುವ ಮಗ್ಗ ಸುದ್ದಿಯಲ್ಲ, ಆದರೆ ಸುಳ್ಳು ಹೇಳಿದೆ ಎಂದು ನಮ್ಮದೇ ಮೈಕು ಹಿಡಿದು ಒಪ್ಪಿಕೊಳ್ಳುವ ಹುಡುಗಿ ಚಾನೆಲ್‌ಗೆ ಬೇಡ, ನಾಳೆಯಿಂದ ಬರಬೇಡ ಎಂದರಂತೆ. ಸುಳ್ಳು ಓದಿದಾಗ ಸೀಟು ಕೊಟ್ಟವರು, ನಿಜ ಹೇಳಿದ್ದಕ್ಕೆ ನಂಬಿಕೆಗೆ ಅರ್ಹಳಲ್ಲ ಎಂದರು. ಶ್ರೀನಾಥ ಸರ್ ಸಹ ಒಂದು ಮೆಸೇಜ್ ಹಾಕಿದ್ದರು: ಭಾವುಕರಾದರೆ ಈ ವೃತ್ತಿ ಕಷ್ಟ. ನಾನು ಫೋನ್ ಕಸಿದು ಆ ಮನುಷ್ಯನಿಗೆ ಎರಡು ಬಿಸಿ ಮಾತು ಮುಟ್ಟಿಸೋಣವೆಂದರೆ ಹುಡುಗಿ ಕೊಡಲಿಲ್ಲ.

ಮಕ್ತಲದ ಬಸ್ಸು ಹತ್ತಿದೆವು. ಲಿಂಗಣ್ಣ ಹಾಸಿನ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಜುರಾಲದ ಅಣೆಕಟ್ಟು ದಾಟುವಾಗ ಅದನ್ನು ಮತ್ತೊಮ್ಮೆ ಬಿಗಿದು ಕಟ್ಟಿದ. ಆಮೇಲೆ ಮೆಲ್ಲಗೆ, "ನಾಳೆ ಮಧ್ಯಾಹ್ನ ಬರಂಗಿಲ್ಲೇನು ಟಿವಿಯಾಗ?" ಎಂದ.

"ಇಲ್ಲಪ್ಪ."

"ನಾಡದು?"

ಅವಳು ಇಲ್ಲವೆಂದು ತಲೆಯಾಡಿಸಿದಳು. ನನಗೆ ತಡೆಯಲಾಗಲಿಲ್ಲ. "ಏನು ಮನುಷ್ಯನಪ್ಪಾ ನೀನು! ಹಾಸು ಸಿಕ್ಕೈತಿ, ಮಗ್ಗ ಉಳದೈತಿ, ಖುಷಿಪಡೋದು ಬಿಟ್ಟು ಟಿವಿ ಅಂತಿ. ಸಾವಕಾರ ನಿನ್ನ ಮಾತು ನಂಬಿದ್ರ ಇವತ್ತ ನಿನ್ನ ಮನ್ಯಾಗ ಒಲಿ ಹತ್ತತಿತ್ತೇನು?"

"ನಾ ಹುಟ್ಟಿದಾಗಿಂದ ಮಗ್ಗ ನೋಡಾಕತ್ತೀನಿ ಮಾಸ್ತರ" ಎಂದ ಲಿಂಗಣ್ಣ. "ಮಗಳನ್ನ ಟಿವಿಯಾಗ ಈಗ ಈಗ ನೋಡಾಕ ಹತ್ತಿದ್ದೆ." ಅಷ್ಟು ದೊಡ್ಡ ಗಂಡಸು ಬಸ್ಸಿನಲ್ಲಿ ಎಲ್ಲರ ಮುಂದೆ ಬಿಕ್ಕಿ ಬಿಕ್ಕಿ ಅತ್ತ. ಮುಂದಿನ ಸೀಟಿನವರು ತಿರುಗಿ ನೋಡಿದರು.

ಭಾಗ್ಯಜ್ಯೋತಿ ಅವನ ಕೈ ಹಿಡಿದಳು. "ನಿನ್ನ ಮಗ್ಗ ಸತ್ತೈತಿ ಅಂತ ಓದಿದ್ನಲ್ಲಪ್ಪಾ. ಅದನ್ನ ಕೇಳಿ ಹೆಂಗ ನಕ್ಕಿ?"

"ನೀ ಏನ್ ಓದಿದಿ ಅಂತ ಅವತ್ತ ನನಗೇನ್ ಗೊತ್ತವ್ವಾ" ಎಂದ ಅವನು. "ಮಾತಿನ ಅರ್ಥದ ಕಡಿ ಲಕ್ಷ್ಯಾನ ಇರಲಿಲ್ಲ. ನಿನ್ನ ಮಾರಿ ನೋಡಿದೆ, ಅಷ್ಟ."