ಮಂಡಿ ವಾಸಿಯಾದ ಸುದ್ದಿ

ಇವತ್ತು ಬೆಳಿಗ್ಗೆ ಹಾಸಿಗೆಯಿಂದೆದ್ದು ಎಡಗಾಲು ನೆಲಕ್ಕೆ ಊರಿದೆ. ನೋಯಲಿಲ್ಲ. ಕುಕ್ಕರಗಾಲಲ್ಲಿ ಕೂತು ಎದ್ದೆ. ಆಗಲೂ ಇಲ್ಲ. ಮೆಟ್ಟಿಲಿಳಿದು ನೋಡಿದೆ, ಹತ್ತಿ ನೋಡಿದೆ. ನಿನ್ನೆ ಭಾನುವಾರ ಹಾಸನದಿಂದ ಚನ್ನರಾಯಪಟ್ಟಣಕ್ಕೆ ಸೈಕಲ್ ತುಳಿದು, ಅಲ್ಲೊಂದು ಎಳನೀರು ಕುಡಿದು, ಅದೇ ಹೆದ್ದಾರಿಯಲ್ಲಿ ವಾಪಸು ತುಳಿದು ಬಂದಿದ್ದೇನೆ. ಮಂಡಿ ನೋಯಲೇಬೇಕಿತ್ತು. ನನ್ನ ವಯಸ್ಸಿನ ಬೇರೆ ಯಾರೇ ಆಗಿದ್ದರೂ ದೇವರಿಗೆ ಕೈಮುಗಿಯುತ್ತಿದ್ದರು. ನನಗೆ ಮಾತ್ರ ಗಾಬರಿಯಾಯಿತು.

"ಏನ್ರೀ ಅದು, ಹೊತ್ತಾರೆನೇ ಬಸ್ಕಿ ಹೊಡೀತಿದ್ದೀರ?" ಎಂದು ನನ್ನ ಹೆಂಡತಿ ಅಡುಗೆಮನೆಯಿಂದ ಕೇಳಿದಳು.

"ನೋವು ಎಲ್ಲಿ ಹೋಯ್ತು ಅಂತ ಹುಡುಕ್ತಿದ್ದೀನಿ ಕಣೇ."

"ರಿಟೈರ್ ಆದ ಗಂಡಸರನ್ನ ಮನೇಲಿ ಇಟ್ಕೋಬಾರ್ದು," ಅಂದು ಅವಳು ಒಗ್ಗರಣೆಗೆ ಸಾಸಿವೆ ಹಾಕಿದಳು.

ನಿಮಗೂ ಹಾಗೇ ಅನ್ನಿಸಿರಬಹುದು. ಆದರೆ ಈ ಮಂಡಿಯ ಕಥೆ ನಿಮಗೆ ಗೊತ್ತಿಲ್ಲವಲ್ಲ, ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ನಾನು ಹೊಳೆನರಸೀಪುರ ತಾಲೂಕಿನಲ್ಲೇ ಹೆಚ್ಚುಕಾಲ ಹೈಸ್ಕೂಲಿಗೆ ವಿಜ್ಞಾನ ಹೇಳಿಕೊಟ್ಟವನು. ನಿವೃತ್ತನಾದ ವರ್ಷವೇ ಸಕ್ಕರೆ ಕಾಯಿಲೆ ಬಂತು. ಡಾಕ್ಟರು ನಡೆಯಿರಿ ಅಂದರು. ನಡೆಯುವುದು ಬೇಜಾರೆಂದು ಒಂದು ಗೇರಿನ ಸೈಕಲ್ ಕೊಂಡೆ. ಅಂಗಡಿಯವನು ಸೀಟನ್ನು ಎತ್ತರಕ್ಕಿಟ್ಟು ಕೊಟ್ಟಿದ್ದ. ಮನೆಗೆ ಬಂದವನೇ ಅದನ್ನು ಪೂರಾ ಇಳಿಸಿದೆ. ಕಾರಣವಿದೆ. ನಮ್ಮ ಕಡೆ ಗುರುತಿನವರು ಎದುರಾದಾಗ ಕೈಯೆತ್ತಿ ಮುಂದಕ್ಕೆ ಹೋಗಿಬಿಡುವುದು ಮರ್ಯಾದೆಯಲ್ಲ. ನಿಲ್ಲಬೇಕು, ಎರಡೂ ಕಾಲು ಊರಬೇಕು, ಮಳೆ ಹೇಗಾಯಿತು, ಮಗಳಿಗೆ ಗಂಡು ಗೊತ್ತಾಯಿತೇ ಎಂದು ಕೇಳಬೇಕು. ತುದಿಬೆರಳಲ್ಲಿ ನಿಂತು ಮಾತಾಡಿದರೆ ಮೇಷ್ಟ್ರಿಗೆ ಏನೋ ಅರ್ಜೆಂಟು ಅಂದುಕೊಳ್ಳುತ್ತಾರೆ. ಹೊಳೆನರಸೀಪುರದ ರಸ್ತೆಯಲ್ಲಂತೂ ಫರ್ಲಾಂಗಿಗೊಬ್ಬ ಹಳೇ ವಿದ್ಯಾರ್ಥಿ. "ನಮಸ್ಕಾರ ಸಾ, ಇದೇನ್ ಸಾ ಸೈಕಲ್ಲು?" ಎಂದು ಒಬ್ಬೊಬ್ಬನೂ ನಿಲ್ಲಿಸುತ್ತಾನೆ. ನಾನೂ ನಿಲ್ಲುತ್ತೇನೆ, ಸುಳ್ಳೇಕೆ, ನನಗೂ ಅದು ಬೇಕು.

ಆ ರಸ್ತೆಯಲ್ಲೇ ಇನ್ನೂ ಮುಂದೆ ಹಳ್ಳಿಮೈಸೂರಿದೆ. ನನ್ನ ಅಕ್ಕನನ್ನು ಕೊಟ್ಟ ಊರು. ಅವಳ ಮದುವೆಯಾದಾಗಿನಿಂದ ಪ್ರತಿ ಗೌರಿ ಹಬ್ಬಕ್ಕೂ ಮೊರದ ಬಾಗಿನ ಹಿಡಿದು ಬಸ್ಸಿನಲ್ಲಿ ಹೋಗುತ್ತಿದ್ದೆ. ಅಕ್ಕ ಹೋಳಿಗೆ ಬಡಿಸುವಳು, ನನ್ನ ತಲೆ ಸವರುವಳು, ಊರಿನವರನ್ನೆಲ್ಲ ಬಯ್ಯುವಳು. ಭಾವ ಜಗಲಿಯಲ್ಲಿ ಕೂತು "ಏನ್ಲಾ ಭಾಮೈದ" ಎಂದು ಒಂದೆರಡು ತಮಾಷೆ ಮಾಡಿ ಗದ್ದೆಗೆ ಹೋಗುವರು. ಅಷ್ಟೇ. ಹೋದ ವರ್ಷ ಯುಗಾದಿಯ ಹೊತ್ತಿಗೆ ಅಕ್ಕ ತೀರಿಕೊಂಡಳು. ಆ ವರ್ಷ ಗೌರಿ ಹಬ್ಬ ಬಂತು, ನಾನು ಮನೆಯಲ್ಲೇ ಇದ್ದೆ. ಬಾಗಿನ ಯಾರಿಗೆ ಕೊಡುವುದು? ಅಕ್ಕನಿಲ್ಲದ ಮೇಲೆ ಅದು ಅಕ್ಕನ ಮನೆ ಹೇಗಾದೀತು? ಅಲ್ಲಿಗೆ ಹೋಗಿ ಏನೆಂದು ಹೇಳಿ ಬಾಗಿಲು ತಟ್ಟಲಿ?

ಹಬ್ಬ ಕಳೆದ ಭಾನುವಾರ ಮನಸ್ಸು ತಡೆಯದೆ ಸೈಕಲ್ ತೆಗೆದೆ. ಹೊಳೆನರಸೀಪುರದಲ್ಲಿ ಕಾಫಿ ಕುಡಿದು ವಾಪಸಾಗುವುದೆಂದು ಹೆಂಡತಿಗೆ ಹೇಳಿದ್ದೆ. ಕಾಫಿ ಕುಡಿದೆ, ವಾಪಸಾಗಲಿಲ್ಲ. ದಾರಿಯುದ್ದಕ್ಕೂ ಒಂದು ನೆಪಕ್ಕಾಗಿ ತಡಕಾಡಿದೆ. ಗೊಬ್ಬರದ ಬೆಲೆ ಕೇಳಲು ಬಂದೆ ಅನ್ನಲೇ? ನನಗೆ ಒಂದು ಗುಂಟೆ ಜಮೀನಿಲ್ಲ. ಹಳ್ಳಿಮೈಸೂರು ಇನ್ನೇನು ಸಿಕ್ಕಿತು ಅನ್ನುವಾಗ ಎಡಮಂಡಿಯ ಚಿಪ್ಪಿನ ಕೆಳಗೆ ಚಳಕ್ ಎಂದಿತು. ಆಮೇಲೆ ಪೆಡಲ್ ತುಳಿಯಲಾಗಲಿಲ್ಲ, ಇಳಿದು ಸೈಕಲ್ ತಳ್ಳಿಕೊಂಡು ಕುಂಟುತ್ತಾ ಹೋದೆ.

ಭಾವ ಕೊಟ್ಟಿಗೆಯ ಮುಂದೆ ಹಸುವಿಗೆ ಹುಲ್ಲು ಹಾಕುತ್ತಿದ್ದರು. ನನ್ನನ್ನು ನೋಡಿ ಹುಲ್ಲಿನ ಕಂತೆ ಹಾಗೇ ಹಿಡಿದು ನಿಂತರು.

"ಏನ್ಲಾ ಭಾಮೈದ, ಸೈಕಲ್ ಮ್ಯಾಲೆ ನೀನ್ ಬಂದ್ಯೋ, ಸೈಕಲ್ನೇ ನೀನ್ ಕರ್ಕೊಂಡ್ ಬಂದ್ಯೋ?"

"ಮಂಡಿ ಹಿಡ್ಕೊಂಡಿದೆ ಭಾವ. ನಿಮ್ಮೂರ ಹತ್ರಾನೇ ಹಿಡ್ಕೊಳ್ತು, ಅದಕ್ಕೆ ಬಂದೆ."

"ಇಡ್ಕತಾ? ಒಳ್ಳೇದಾಯ್ತು ಕಣ, ಬಾ ಬಾ," ಅಂದರು. ಅಂದಮೇಲೆ ತಾವೇ ನಾಚಿಕೊಂಡು, "ಅಂದ್ರೆ, ನಡುದಾರೀಲ್ ಇಡ್ಕೊಳ್ದೆ ಇಲ್ಲೇ ಇಡ್ಕತಲ್ಲ, ಅದಕ್ಕಂದೆ," ಅಂದರು.

ಬೇಲಿಯಿಂದ ಎಕ್ಕದ ಎಲೆ ತಂದರು. ಹರಳೆಣ್ಣೆ ಸವರಿ, ಒಲೆಯ ಕೆಂಡದ ಮೇಲೆ ಬಾಡಿಸಿ, ಬಿಸಿ ಹದ ನೋಡಿ ನನ್ನ ಮಂಡಿಗೆ ಸುತ್ತಿ ಹಳೇ ಪಂಚೆಯ ಚೂರಿನಿಂದ ಕಟ್ಟಿದರು. "ಕೈ ತೊಳ್ಕೊಳ್ದೆ ಕಣ್ ಮುಟ್ಕೋಬ್ಯಾಡ, ಇದರ ಹಾಲು ಒಳ್ಳೇದಲ್ಲ," ಅಂದರು. ಗೋಡೆ ಹಿಡಿದು, ಉಸಿರುಬಿಟ್ಟು, ಎರಡು ಕಂತಿನಲ್ಲಿ ಮೇಲೆದ್ದರು. ನಾನು ಏನು ಕಂಡರೂ ಯಾಕೆ ಹೇಗೆ ಎಂದು ಕೇಳುವ ಪ್ರಾಣಿ.

"ಇದನ್ನೆಲ್ಲ ಎಲ್ಲಿ ಕಲಿತ್ರಿ ಭಾವ?"

"ಕಲ್ಯಾದೇನ್ ಬಂತು? ದಿನಾ ಸಾಯಂಕಾಲ ನಿಮ್ಮಕ್ಕ ನನ್ ಮಂಡಿಗೆ ಕಟ್ಟೋಳು. ನೋಡ್ತಾ ನೋಡ್ತಾ ಬಂತು."

"ಈಗ ಯಾರು ಕಟ್ತಾರೆ?"

ಕಾಫಿ ತಂದ ಅವರ ಸೊಸೆಯೇ ಹೇಳಿದಳು: "ನಾನ್ ಕಟ್ತೀನಿ ಅಂದ್ರೆ ಕಾಲೇ ಕೊಡಾಕಿಲ್ಲ ಇವ್ರು. ನೀವಾದ್ರೂ ಬುದ್ಧಿ ಏಳಿ."

"ಸೊಸೆ ಕೈಲಿ ಕಾಲ್ ಇಡಿಸ್ಕೊಳ್ಳಾಕಾಯ್ತದಾ? ನಾನೇ ಕಟ್ಕೊಂಡ್ರೆ ಗಂಟು ನಿಲ್ಲಾಕಿಲ್ಲ. ಮಗನ್ಗೆ ಏಳಿದ್ರೆ ಆಸ್ಪತ್ರೆ, ಎಕ್ಸ್‌ರೇ ಅಂತಾನೆ. ಇರ್ಲಿ ಬುಡು, ಯಾವ್ದೋ ಒಂದು ನೋವು."

ಉಳಿದಿದ್ದ ಎಲೆಗೆ ಎಣ್ಣೆ ಸವರಿ ನಾನು ಅವರ ಕಾಲನ್ನು ನನ್ನ ಕಡೆಗೆ ಎಳೆದುಕೊಂಡೆ. ಅವರು ಹಿಂದಕ್ಕೆ ಎಳೆದುಕೊಂಡರು.

"ಬ್ಯಾಡ ಕಣೋ, ಮೇಷ್ಟ್ರು ನೀನು."

"ಧಾರೆ ದಿನ ಇದೇ ಕಾಲು ತೊಳೆದಿಲ್ವಾ ಭಾವ? ಆಗ ಸುಮ್ನೆ ಕೊಟ್ಟಿದ್ರಲ್ಲ."

"ಆಗ ಜಂಬ ಇತ್ತು ಕಣ್ಲಾ," ಅಂದರು ಭಾವ, ಕಾಲು ಸಡಿಲ ಬಿಟ್ಟರು.

ನಮ್ಮಪ್ಪ ಆಗಲೇ ಇರಲಿಲ್ಲವಾದ್ದರಿಂದ ಮದುವೆಯಲ್ಲಿ ಗಂಡಿನ ಕಾಲು ತೊಳೆಯುವ ಕೆಲಸ ತಮ್ಮನಾದ ನನಗೇ ಬಂದಿತ್ತು. ಆಗ ಅದು ಕಂಬದಂಥ ಕಾಲು. ಈಗ ಮಂಡಿ ಊದಿಕೊಂಡು ಕೆಳಗಿನ ಕಾಲು ಸೊರಗಿತ್ತು. ಅಕ್ಕ ಕಟ್ಟುತ್ತಿದ್ದ ಹಾಗೆ ಗಂಟು ಒಳಮಗ್ಗುಲಿಗೆ ಬರಬೇಕೆಂದು ಅವರು ಎರಡು ಸಲ ಬಿಚ್ಚಿಸಿ ಕಟ್ಟಿಸಿದರು. ಹೆಂಡತಿಗೆ ಫೋನ್ ಮಾಡಿ ಅವತ್ತು ಅಲ್ಲೇ ಉಳಿದೆ. ಮಾರನೆಯ ದಿನವೂ ಉಳಿದೆ. ಹೊರಡುವಾಗ ಭಾವ ಬೇರೆ ಕಡೆ ನೋಡುತ್ತಾ, "ಒಂದೇ ಕಟ್ಟಿಗೆ ವಾಸಿ ಆಗಾಕಿಲ್ಲ ಅದು. ಮುಂದಿನ್ ಭಾನ್ವಾರ ತಿರ್ಗಾ ತೋರ್ಸು," ಅಂದರು.

ಹೀಗೆ ನನ್ನ ಮಂಡಿನೋವಿಗೆ ಒಂದು ಉದ್ಯೋಗ ಸಿಕ್ಕಿತು. ಒಂದು ಭಾನುವಾರ ಬಿಟ್ಟು ಒಂದು ಭಾನುವಾರ ಹಳ್ಳಿಮೈಸೂರಿಗೆ ತುಳಿಯುವುದು, ಕುಂಟಿಕೊಂಡು ಇಳಿಯುವುದು, ಅವರು ನನಗೆ ಕಟ್ಟುವುದು, ನಾನು ಅವರಿಗೆ ಕಟ್ಟುವುದು. ಇಬ್ಬರೂ ಎಲೆ ಕಟ್ಟಿಕೊಂಡು ಜಗಲಿಯಲ್ಲಿ ಕಾಲು ಚಾಚಿ ಕೂತರೆ ಮಾತು ಶುರುವಾಗುತ್ತಿತ್ತು. ಭಾವನಿಗೆ ಇಷ್ಟು ಮಾತು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಅಕ್ಕ ಬದುಕಿದ್ದಾಗ ಮಾತೆಲ್ಲ ಅವಳದೇ ಆಗಿತ್ತಲ್ಲ.

ಹಾಗೇ ಇದ್ದಿದ್ದರೆ ಚೆನ್ನಾಗಿತ್ತು. ನನ್ನ ಕುತೂಹಲ ಹಾಳುಮಾಡಿತು. ಒಂದು ಭಾನುವಾರ ಅರಕಲಗೂಡಿಗೆ ಹೋಗಿ ಬಂದೆ, ಮಂಡಿ ಅಷ್ಟಾಗಿ ನೋಯಲಿಲ್ಲ. ಇದೇನು ವಿಚಿತ್ರ? ಅದೇ ಸೈಕಲ್ಲು, ಅದೇ ಕಾಲು, ಏರು ಅಲ್ಲಿಯೂ ಇದೆ. ಹೊಳೆನರಸೀಪುರದ ರಸ್ತೆ ಮಾತ್ರ ಯಾಕೆ ಮಂಡಿಯನ್ನು ಹಿಡಿಯುತ್ತದೆ? ಅಕ್ಕನ ಊರಿನ ದಾರಿಯೆಂದು ಮನಸ್ಸೇ ನೋವು ಮಾಡುತ್ತಿದೆಯೋ ಎಂದು ಒಂದು ವಾರ ವೇದಾಂತಿಯಾದೆ. ಕೊನೆಗೆ ತಡೆಯಲಾರದೆ ಹಾಸನದಲ್ಲಿ ಫಿಸಿಯೋಥೆರಪಿ ಮಾಡುವ ಒಬ್ಬ ಹುಡುಗಿಗೆ ತೋರಿಸಿದೆ. ನನ್ನ ಕ್ಲಾಸಿನಲ್ಲೇ ಓದಿದವಳು, ಎರಡು ದಾರಿಯ ಒಗಟನ್ನೂ ಅವಳ ಮುಂದಿಟ್ಟೆ. ಅವಳು ಮಂಡಿ ಮಡಿಸಿ ನೋಡಿ, ಸೈಕಲ್ಲಿನ ಮೇಲೆ ಕೂರಿಸಿ ನೋಡಿ ನಕ್ಕಳು.

"ಸಾರ್, ಅರಕಲಗೂಡು ದಾರೀಲಿ ನಿಮಗೆ ಗುರುತಿನವರು ಕಮ್ಮಿ ಅಲ್ವಾ?"

"ಹೌದಮ್ಮ. ಅದಕ್ಕೂ ಇದಕ್ಕೂ ಏನು?"

"ಸೀಟು ಇಷ್ಟು ತಗ್ಗಿದ್ರೆ ಮಂಡಿ ಪೂರಾ ಮಡಚಿದ ಹಾಗೇ ಇರುತ್ತೆ. ಅದರ ಮೇಲೆ ನೀವು ಮಾತಾಡಿಸಿದವರ ಹತ್ರ ಎಲ್ಲ ನಿಲ್ತೀರ, ಗೇರು ಬದಲಾಯಿಸದೆ ಭಾರದ ಗೇರಲ್ಲೇ ಮತ್ತೆ ಎಳೀತೀರ. ಪ್ರತಿ ಸಲವೂ ಏಟು ಮಂಡಿಗೇ."

ಸನ್ನೆಕೋಲಿನ ಪಾಠವನ್ನು ಅವಳಿಗೆ ನಾನೇ ಮಾಡಿದ್ದೆ. ಸೀಟು ಎತ್ತರಿಸಿದೆವು. ನಿಲ್ಲುವ ಮುಂಚೆ ಗೇರು ಹಗುರ ಮಾಡುವುದು ಕಲಿತೆ. ಅವಳು ಹೇಳಿಕೊಟ್ಟ ವ್ಯಾಯಾಮವನ್ನೂ ಮಾಡಿದೆ. ನೋವು ದಿನದಿನಕ್ಕೆ ಇಳಿಯಿತು. ನಿನ್ನೆ ಹಳ್ಳಿಮೈಸೂರಿನ ಸರದಿ. ಪೂರ್ತಿ ವಾಸಿಯಾಗಿದೆಯೇ ನೋಡೋಣವೆಂದು ಅಲ್ಲಿಗೆ ಹೋಗದೆ ಚನ್ನರಾಯಪಟ್ಟಣದ ಕಡೆ ತುಳಿದೆ. ಇಲ್ಲಿಗೆ ನಿಮಗೆ ನನ್ನ ಬಸ್ಕಿಯ ಅರ್ಥವಾಯಿತಲ್ಲ? ಮಂಡಿ ಸರಿಹೋದ ಮೇಲೆ ಆ ಮನೆಗೆ ಏನು ಹೇಳಿಕೊಂಡು ಹೋಗಲಿ?

"ಭಾವನಿಗೆ ಒಂದು ಫೋನ್ ಮಾಡಿ ಹೇಳ್ರೀ, ವಾಸಿ ಆಯ್ತು ಅಂತ. ಪಾಪ, ನಿನ್ನೆ ಕಾದಿರ್ತಾರೆ," ಅಂದಳು ಹೆಂಡತಿ, ತಿಂಡಿ ತಟ್ಟೆ ಮುಂದಿಡುತ್ತಾ.

ಮಾಡಿದೆ. ಒಂದೇ ರಿಂಗಿಗೆ ಎತ್ತಿಕೊಂಡರು.

"ಭಾವ, ಮಂಡಿ ವಾಸಿ ಆಗೋಯ್ತು."

ಆ ಕಡೆ ಹಸು ಕೂಗಿದ್ದು ಕೇಳಿಸಿತು.

"ಪೂರ್ತಿನಾ?"

"ಪೂರ್ತಿ. ನಿನ್ನೆ ಚನ್ನರಾಯಪಟ್ಟಣಕ್ಕೆ ಹೋಗಿ ಬಂದೆ. ಏನೂ ಇಲ್ಲ."

"ಒಳ್ಳೇದಾಯ್ತು ಬುಡು," ಅಂದರು. ಆ ದನಿಯಲ್ಲಿ ಒಂದು ಚೂರೂ ಸಂತೋಷವಿರಲಿಲ್ಲ. "ಅಂಗಾರೆ ನೀನ್ ಇನ್ ಬರಾಕಿಲ್ಲ."

ಇಷ್ಟು ದಿನ ನೆಪ ನನಗೊಬ್ಬನಿಗೇ ಬೇಕಿತ್ತು ಅಂದುಕೊಂಡಿದ್ದೆ.

"ಬರ್ತೀನಿ ಭಾವ. ಈ ಭಾನುವಾರ ಬರ್ತೀನಿ."

"ಮಂಡಿ ನೆಟ್ಟಗದೆ ಅಂತೀಯ. ಮತ್ಯಾಕ್ ಬತ್ತೀಯ?"

"ನಿಮ್ಮನ್ನ ನೋಡೋಕೆ."

ಲೈನು ಕಟ್ಟಾಯಿತೆಂದು ಫೋನು ನೋಡಿಕೊಂಡೆ.

"ಲೇ, ನಮ್ ಮದ್ವೆ ಆದಾಗಿಂದ ಈ ಮನೆಗ್ ಬತ್ತಾ ಇದ್ದೀಯ. ನಿಮ್ಮಕ್ಕನ್ನ ನೋಡಾಕ್ ಬಂದೆ, ಬಾಗಿನ ಕೊಡಾಕ್ ಬಂದೆ, ಆಮ್ಯಾಲೆ ಮಂಡಿ ಇಡ್ಕೊಂಡ್ ಬಂದೆ. ನನ್ನ ನೋಡಾಕೆ ಅಂತ ಒಂದ್ ದಿನ ಬಂದಿದ್ಯೇನ್ಲಾ?"

"ಇಲ್ಲ ಭಾವ."

"ಊಂ. ಭಾನ್ವಾರದ್ ಗಂಟ ಯಾಕೆ? ಇವತ್ತೇ ಬಾ."

ಸೈಕಲ್ ತೆಗೆಯಲಿಲ್ಲ. ಬಸ್ಸಾದರೆ ಬೇಗ ಮುಟ್ಟಿಸುತ್ತದೆ.